ಒಂದು ವ್ಯರ್ಥ ಬೆಳಗಿನಿಂದ ಹುಟ್ಟಿದ ವೇಗ

ನೀವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸಿಕೊಡುವುದು ಕಂಪೈಲರ್ ಎಂಬ ತಂತ್ರಾಂಶ. ಹತ್ತು ಸಾಲಿನ ಪ್ರೋಗ್ರಾಮಾದರೆ ಕ್ಷಣದ ಕೆಲಸ. ಸಾವಿರಾರು ಕಡತಗಳಿದ್ದರೆ ಗಂಟೆಗಟ್ಟಲೆ ಕಾಯಬೇಕಾದೀತು. ಈ ಕಾಯುವಿಕೆ ಕಡಿಮೆಯಾದ ಕಥೆಗೆ ನಾವು 1976ಕ್ಕೆ, ಅಮೆರಿಕದ ಬೆಲ್ ಪ್ರಯೋಗಾಲಯಕ್ಕೆ ಹೋಗಬೇಕು.

ಅಲ್ಲಿ ಸ್ಟೀವ್ ಜಾನ್ಸನ್ ಒಂದು ಬೆಳಗ್ಗೆ ಪೂರ್ತಿ ತಮ್ಮ ಪ್ರೋಗ್ರಾಮಿನ ದೋಷ ಹುಡುಕುತ್ತ ಕಳೆದರು. ದೋಷವನ್ನು ಆಗಲೇ ತಿದ್ದಿಯಾಗಿತ್ತು! ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. (ಹಳೆಯ ಟೇಪನ್ನೇ ಹಾಕಿಕೊಂಡು, ತಿದ್ದಿದ ದೃಶ್ಯ ಎಲ್ಲಿ ಹೋಯಿತೆಂದು ತಲೆ ಕೆಡಿಸಿಕೊಂಡವರು ನಮ್ಮ ಸಂಕಲನ ಕೊಠಡಿಗಳಲ್ಲೂ ಉಂಟು.) ಅವರ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಇದಕ್ಕೆ ಪರಿಹಾರವಾಗಿ ‘ಮೇಕ್’ ರಚಿಸಿದರು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಪಟ್ಟಿ ಮಾಡಿಟ್ಟರೆ, ಅದು ಕಡತಗಳ ವೇಳೆ ಹೋಲಿಸಿ, ಬದಲಾದ ಭಾಗಗಳನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುತ್ತದೆ.

ಅದೇ ಪಟ್ಟಿ ಮುಂದೆ ಬೇರೊಂದು ಕೆಲಸಕ್ಕೂ ಬಂತು. ಮದುವೆಮನೆಯ ಅಡುಗೆ ನೆನೆಸಿಕೊಳ್ಳಿ. ಬೇಳೆ ಬೇಯುವ ತನಕ ಹುಳಿ ಆಗದು. ಆದರೆ ಪಾಯಸಕ್ಕೆ ಬೇಳೆಗಾಗಿ ಕಾಯುವ ಅಗತ್ಯವೇನು? ಒಂದನ್ನೊಂದು ಅವಲಂಬಿಸದ ಕಡತಗಳನ್ನೂ ಹೀಗೆಯೇ ಏಕಕಾಲಕ್ಕೆ ಕಂಪೈಲ್ ಮಾಡಬಹುದು. ಗ್ನೂ ಮೇಕ್‌ಗೆ ‘ಜೆ’ ಎಂಬ ಸೂಚನೆಯೊಡನೆ ಒಂದು ಸಂಖ್ಯೆ ಕೊಟ್ಟರೆ ಅಷ್ಟು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಲೆ ಒಂದೇ ಇದ್ದಾಗ ಇದರಿಂದ ಹೆಚ್ಚು ಲಾಭವಿರಲಿಲ್ಲ. ಚಿಪ್ಪಿನ ವೇಗ ಏರಿಸಿದಷ್ಟೂ ಶಾಖ ಏರುತ್ತಿತ್ತು. ಆದ್ದರಿಂದ 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಮೇಜಿನ ಕಂಪ್ಯೂಟರಿಗೂ ಎರಡು ಕೋರ್‌ಗಳ ಚಿಪ್ಪು ತಂದವು. ಒಲೆಗಳು ಹೆಚ್ಚಿದವು.

ಹಳೆಯ ತಪ್ಪುಗಳು ಹೊರಬಿದ್ದದ್ದೂ ಆಗಲೇ. ಪಟ್ಟಿಯಲ್ಲಿ ಒಂದು ಅವಲಂಬನೆ ಬಿಟ್ಟುಹೋಗಿದ್ದರೂ ಸಾಲಾಗಿ ಮಾಡುವಾಗ ಅದೃಷ್ಟವಶಾತ್ ನಡೆದುಹೋಗುತ್ತಿತ್ತು. ಒಟ್ಟಿಗೆ ಮಾಡಿದರೆ ಇಂದು ಸರಿ, ನಾಳೆ ಕೆಟ್ಟಿತು! ಇಂಥ ದೋಷ ಹುಡುಕುವುದು ಬಲು ಕಷ್ಟ.

ಇನ್ನೊಂದು ಮಿತಿಯನ್ನು ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದರು. ಹತ್ತು ನಿಮಿಷದ ಕೆಲಸದಲ್ಲಿ ಒಂಬತ್ತನ್ನು ಹಂಚಬಹುದು, ಕೊನೆಯಲ್ಲಿ ಎಲ್ಲವನ್ನೂ ಜೋಡಿಸುವ ಒಂದು ನಿಮಿಷವನ್ನು ಹಂಚಲಾಗದು ಎನ್ನೋಣ. ಎಂಟು ಕೋರ್‌ಗಳಿದ್ದರೆ ಸುಮಾರು 2 ನಿಮಿಷ 8 ಸೆಕೆಂಡು; ಸಾವಿರ ಕೋರ್ ತಂದರೂ ಒಂದು ನಿಮಿಷಕ್ಕಿಂತ ಕೆಳಗಿಳಿಯದು. ಆ ಜೋಡಣೆಯನ್ನೇ ಕೋರ್‌ಗಳಿಗೆ ಹಂಚುವ ‘ಮೋಲ್ಡ್’ ಎಂಬ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿಯನ್ನು ರುಯಿ ಉಯೆಯಾಮಾ 2021ರಲ್ಲಿ ಹೊರತಂದರು.

ಕಾಲೇಜಿನ ಲಿನಕ್ಸ್ ಕಂಪ್ಯೂಟರಿನಲ್ಲಿ ‘ಜೆ’ಗೆ 1, 2, 4, 8 ಕೊಟ್ಟು ವೇಳೆ ಬರೆದಿಡಿ. ಪ್ರತಿ ಸಲವೂ ಹಿಂದಿನ ಫಲಿತ ಕಡತಗಳನ್ನು ಅಳಿಸಿರಬೇಕು. ಇಲ್ಲವಾದರೆ, ಮಾಡಲು ಕೆಲಸವಿಲ್ಲವೆಂದು ಮೇಕ್ ಸುಮ್ಮನಾಗಿಬಿಡುತ್ತದೆ.