ಕಲಬುರಗಿ ಸೀಮೆಯ ಅಂತರರಾಷ್ಟ್ರೀಯ ಕಾಮಗಾರಿಗಳು: ಅಧಿಕಾರ, ಕೂಲಿ ಮತ್ತು ಕರಾರಿನ ತಕರಾರುಗಳ ಇತಿಹಾಸ

ಹೊರದೇಶದ ಬಂಡವಾಳ, ಹೊರಗಿನ ಎಂಜಿನಿಯರುಗಳು, ಇಲ್ಲಿನ ನೆಲ ಮತ್ತು ದುಡಿಮೆ ಒಂದೆಡೆ ಸೇರಿದ ಕಾಮಗಾರಿಗಳು ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಭಾಗದಲ್ಲಿ ಒಂದೂವರೆ ಶತಮಾನದಿಂದ ನಡೆದಿವೆ. ಮೊದಲು ರೈಲು ಬಂತು, ಆಮೇಲೆ ಸಿಮೆಂಟ್. ಇಂಥ ಕಾಮಗಾರಿಗಳ ಜಗಳಗಳನ್ನು ಭಾಷೆ, ನಡೆನುಡಿಗಳ ವ್ಯತ್ಯಾಸದಿಂದ ಹುಟ್ಟಿದವು ಎಂದು ವಿವರಿಸುವುದು ವಾಡಿಕೆ. ಈ ಸೀಮೆಯ ಚರಿತ್ರೆ ಬೇರೆಯದನ್ನು ಹೇಳುತ್ತದೆ. ನೆಲದ ಮೇಲೆ ಯಾರ ಕಾನೂನು ನಡೆಯಬೇಕು, ಕೂಲಿಯನ್ನು ಯಾವ ಅಳತೆಯಿಂದ ಕೊಡಬೇಕು, ನಷ್ಟ ಬಂದರೆ ಯಾರು ಹೊರಬೇಕು ಎಂಬ ಮೂರು ಪ್ರಶ್ನೆಗಳೇ ಇಲ್ಲಿ ಮತ್ತೆ ಮತ್ತೆ ತಲೆಯೆತ್ತಿವೆ.

ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಹಳಿ ಕಲಬುರಗಿ, ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಕಂಪನಿಯ ಷೇರುದಾರರು ಲಂಡನ್ನಿನಲ್ಲಿದ್ದರು. ಅವರ ಹೂಡಿಕೆಗೆ ಸರ್ಕಾರ ಶೇ. 5 ಬಡ್ಡಿಯ ಖಾತರಿ ಕೊಟ್ಟಿತ್ತು. ಆ ಖಾತರಿಗೆ ಪ್ರತಿಯಾಗಿ ಕಂಪನಿಯ ಎಂಜಿನಿಯರುಗಳ ಮೇಲೆ ಸರ್ಕಾರದ ಸಲಹಾ ಎಂಜಿನಿಯರರ ಕಣ್ಣಿತ್ತು. ಒಂದೇ ಕಾಮಗಾರಿಗೆ ಇಬ್ಬರು ಯಜಮಾನರಾದದ್ದು ಹೀಗೆ.

ಇದೇ ಕಂಪನಿ ಪಶ್ಚಿಮ ಘಟ್ಟದ ಭೋರ್ ಘಾಟಿನಲ್ಲಿ ಕಲಿತ ಪಾಠ ಕಹಿಯಾದದ್ದು. 1859ರ ಜನವರಿಯಲ್ಲಿ ಕೂಲಿ ಬಾಕಿಯ ಕಾರಣಕ್ಕೆ ಅಲ್ಲಿ ದಂಗೆ ಎದ್ದಿತು. ಇಂಗ್ಲಿಷ್ ಗುತ್ತಿಗೆದಾರ ಫೇವಿಯೆಲ್‌ನ ಕೆಳಗೆ ಉಪಗುತ್ತಿಗೆದಾರರು, ಅವರ ಕೆಳಗೆ ಮುಕಾದಮರು, ಅವರ ಕೆಳಗೆ ಕೂಲಿಯವರು ಇದ್ದರು. ಮೇಲಿನಿಂದ ಹೊರಟ ಹಣ ಕೆಳಗಿನವರ ಕೈಗೆ ತಲುಪುವಷ್ಟರಲ್ಲಿ ಸೋರಿಹೋಗುತ್ತಿತ್ತು. ಫೇವಿಯೆಲ್ ಗುತ್ತಿಗೆ ಬಿಟ್ಟ. ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಬೇಗನೆ ತೀರಿಕೊಂಡ ಮೇಲೆ ಅವನ ಹೆಂಡತಿ ಆಲಿಸ್ ಕೆಲಸವನ್ನು ಮುಗಿಸಿಕೊಟ್ಟಳು. ದಂಗೆಯ ಮರುವರ್ಷ, 1860ರಲ್ಲಿ, ರೈಲು ಮತ್ತು ಕಾಲುವೆ ಕಾಮಗಾರಿಗಳ ಕೂಲಿ ತಕರಾರನ್ನು ಮ್ಯಾಜಿಸ್ಟ್ರೇಟರು ಶೀಘ್ರವಾಗಿ ತೀರ್ಮಾನಿಸುವ ಕಾಯ್ದೆ ಜಾರಿಗೆ ಬಂತು. ಬಾಕಿ ಕೂಲಿ ಕೇಳಲು ದಾರಿ ಕೊಟ್ಟ ಅದೇ ಕಾಯ್ದೆ ಕರಾರು ಮುರಿದು ಕೆಲಸ ಬಿಟ್ಟವನನ್ನು ಸೆರೆಗೂ ಕಳಿಸುತ್ತಿತ್ತು. ದೊಡ್ಡ ಕಾಮಗಾರಿಯ ಜಗಳಕ್ಕೆಂದೇ ಈ ದೇಶದಲ್ಲಿ ಆದ ಆರಂಭದ ಕಾನೂನುಗಳಲ್ಲಿ ಇದೂ ಒಂದು. ಅದರ ತಕ್ಕಡಿ ಒಂದು ಕಡೆಗೆ ವಾಲಿತ್ತು ಎಂಬುದನ್ನು ಮರೆಯಬಾರದು.

ದಖ್ಖನದ ರೈಲು ಕಾಮಗಾರಿಗಳಲ್ಲಿ ಮಣ್ಣು, ಕಲ್ಲಿನ ಕೆಲಸಕ್ಕೆ ವಡ್ಡರ ಸಮುದಾಯದ ಕುಟುಂಬಗಳು ಗುಂಪುಗುಂಪಾಗಿ ಬಂದವು. ದಿನಗೂಲಿಯನ್ನು ಅವರು ಒಪ್ಪುತ್ತಿರಲಿಲ್ಲ. ಅಗೆದ ಮಣ್ಣನ್ನು ಅಳೆದು ಅದಕ್ಕೆ ತಕ್ಕ ಹಣ ಕೊಡಬೇಕಿತ್ತು. ಗಂಡ, ಹೆಂಡತಿ, ಮಕ್ಕಳು ಕೂಡಿ ದುಡಿಯುವ ಅವರ ಕ್ರಮಕ್ಕೆ ಹೊಂದುತ್ತಿದ್ದದ್ದು ಅದೇ. ಎಂಜಿನಿಯರುಗಳು ಕೊನೆಗೆ ಆ ಕ್ರಮಕ್ಕೆ ಒಗ್ಗಿಕೊಂಡರು. ಅಳತೆ ಇಬ್ಬರಿಗೂ ಕಾಣುವಂತಿದ್ದಾಗ ಭಾಷೆ ಬಾರದಿದ್ದರೂ ಕೆಲಸ ಸಾಗಿತು.

ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮೂಲಕ ಸಿಕಂದರಾಬಾದಿಗೆ ಹೋಗುವ, ಸುಮಾರು 190 ಕಿ.ಮೀ. ಉದ್ದದ ಕವಲು 1874ರಲ್ಲಿ ತೆರೆಯಿತು. ಹಣ ಈ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮ್ ಸರ್ಕಾರದ್ದು, ಕಟ್ಟಿಸುವ ಹಿಡಿತ ಬ್ರಿಟಿಷರದು. ಕರಾರು ಇಂಗ್ಲಿಷಿನಲ್ಲಿ, ದರ್ಬಾರಿನ ಕಡತ ಫಾರಸಿಯಲ್ಲಿ, ಹಳಿ ಹಾಕುವವರ ಮಾತು ಕನ್ನಡ, ತೆಲುಗು, ದಖ್ಖನಿ. ನಾಣ್ಯವೂ ಎರಡು: ಸಂಸ್ಥಾನದ ಹಾಲಿ ಸಿಕ್ಕಾ ಬ್ರಿಟಿಷ್ ಕಲ್ದಾರ್ ರೂಪಾಯಿಗಿಂತ ಕಡಿಮೆ ಬೆಲೆಯದಾಗಿತ್ತು. ರಾಜ್ಯದ ಆದಾಯ ಒಂದು ನಾಣ್ಯದಲ್ಲಿ ಬಂದರೆ ಲಂಡನ್ನಿಗೆ ಕಟ್ಟಬೇಕಾದ ಬಡ್ಡಿ ಇನ್ನೊಂದರಲ್ಲಿ ಲೆಕ್ಕವಾಗುತ್ತಿತ್ತು.

1883 ಈ ಕಥೆಯ ಬಿಸಿ ವರ್ಷ. ದಿವಾನ ಸಾಲಾರ್ ಜಂಗ್ ಫೆಬ್ರವರಿಯಲ್ಲಿ ತೀರಿಕೊಂಡರು. ಹಳಿಯನ್ನು ಲಂಡನ್ನಿನ ಹೊಸ ಕಂಪನಿಗೆ ವಹಿಸಿ ಚಾಂದಾದವರೆಗೆ ವಿಸ್ತರಿಸುವ ಯೋಜನೆಯ ವಿವರಗಳನ್ನು ಜನರ ಮುಂದಿಡಬೇಕೆಂದು ಹೈದರಾಬಾದಿನ ವಿದ್ಯಾವಂತರು ಪಟ್ಟು ಹಿಡಿದರು. ಅವರಲ್ಲಿ ಮುಂದಿದ್ದ ಅಘೋರನಾಥ ಚಟ್ಟೋಪಾಧ್ಯಾಯರನ್ನು, ಅಂದರೆ ಸರೋಜಿನಿ ನಾಯ್ಡು ಅವರ ತಂದೆಯನ್ನು, ಮೇ ತಿಂಗಳಲ್ಲಿ ರಾಜ್ಯದಿಂದ ಗಡೀಪಾರು ಮಾಡಲಾಯಿತು. ಅವರು ಕೇಳಿದ್ದು ಕರಾರಿನ ವಿವರವನ್ನು ಮಾತ್ರ. ಡಿಸೆಂಬರಿನಲ್ಲಿ ಕರಾರಿಗೆ ಸಹಿ ಬಿತ್ತು; ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಹುಟ್ಟಿತು. ಷೇರುದಾರರಿಗೆ ನಿಜಾಮ್ ಸರ್ಕಾರವೇ ಬಡ್ಡಿಯ ಖಾತರಿ ನಿಂತಿತು. ಲಂಡನ್ನಿನಲ್ಲಿ ಈ ವ್ಯವಹಾರ ಕುದುರಿಸಿದ ನಿಜಾಮ್ ಸರ್ಕಾರದ ಅಧಿಕಾರಿ ಅಬ್ದುಲ್ ಹಕ್ ಮುಂದೆ ಗಣಿ ಕಂಪನಿಯ ಷೇರು ಹಗರಣದಲ್ಲಿ ಸಿಕ್ಕಿ ಹುದ್ದೆ ಕಳೆದುಕೊಂಡ. ಆ ಹಗರಣವನ್ನು 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆ ಮಾಡಿತು. ಐದು ವರ್ಷ ಮೊದಲೇ ವಿವರ ಬಹಿರಂಗವಾಗಲಿ ಎಂದಿದ್ದವರ ಅನುಮಾನ ಆಧಾರವಿಲ್ಲದ್ದಾಗಿರಲಿಲ್ಲ.

ನೆಲದ ಒಡೆತನದ ಪ್ರಶ್ನೆ ನ್ಯಾಯಾಲಯಕ್ಕೆ ಹೋದದ್ದೂ ಇದೇ ಹಳಿಯ ಮೇಲಿನ ಘಟನೆಯಿಂದ. ರೈಲ್ವೆ ಜಮೀನಿನ ಮೇಲಿನ ನ್ಯಾಯಾಧಿಕಾರವನ್ನು ನಿಜಾಮ್ ಸರ್ಕಾರ ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. 1895ರಲ್ಲಿ ವಿಕಾರಾಬಾದಿನ ಆಚೆಯ ಶಂಕರಪಲ್ಲಿ ನಿಲ್ದಾಣದಲ್ಲಿ ಮುಹಮ್ಮದ್ ಯೂಸುಫುದ್ದೀನ್ ಎಂಬವರನ್ನು ಶಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಬಂಧಿಸಲಾಯಿತು. ಆರೋಪಕ್ಕೂ ರೈಲಿಗೂ ಸಂಬಂಧವಿರಲಿಲ್ಲ. 1897ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ಬಂಧನ ಅಕ್ರಮವೆಂದು ತೀರ್ಪಿತ್ತಿತು. ಬಿಟ್ಟುಕೊಟ್ಟ ಅಧಿಕಾರ ರೈಲ್ವೆಯ ಆಡಳಿತಕ್ಕೆ ಬೇಕಾದಷ್ಟೇ, ನೆಲದ ಸಾರ್ವಭೌಮತ್ವ ನಿಜಾಮರದೇ ಎಂಬುದು ಅದರ ಸಾರ. ಕಾಮಗಾರಿಗೆ ಕೊಟ್ಟ ಸವಲತ್ತು ರಾಜ್ಯವನ್ನೇ ಕೊಟ್ಟಂತಲ್ಲ ಎಂಬ ಈ ಮಾತು ಈ ಇತಿಹಾಸದಲ್ಲೇ ಅತ್ಯಂತ ತೂಕದ್ದು. 1930ರಲ್ಲಿ ನಿಜಾಮ್ ಸರ್ಕಾರ ರೈಲ್ವೆಯನ್ನೇ ಕೊಂಡುಕೊಂಡಿತು.

ಶಹಾಬಾದಿನಲ್ಲಿ 1920ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಗಿ 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಆದ ಎಸಿಸಿಯೊಳಗೆ ಸೇರಿತು. ಬಂಡವಾಳದ ಬಹುಪಾಲು ದೇಶದ್ದೇ ಆದ್ದರಿಂದ ಇಲ್ಲಿ ಸಂಘರ್ಷದ ಸ್ವರೂಪ ಬದಲಾಗಿ ಆಡಳಿತ ಮತ್ತು ಕಾರ್ಮಿಕರ ನಡುವಿನದಾಯಿತು.

ಅಷ್ಟರಲ್ಲಿ ಹೊರಗೆ ಕರಾರಿನ ಶಾಸ್ತ್ರ ಬೆಳೆದಿತ್ತು. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ 1957ರಲ್ಲಿ ಮಾದರಿ ಕರಾರು ಪ್ರಕಟಿಸಿತು. ಅದರಲ್ಲಿ ತಕರಾರಿನ ಮೊದಲ ತೀರ್ಮಾನ ಎಂಜಿನಿಯರರದು. ಅವರ ಸಂಬಳ ಕೊಡುವವರು ಕಾಮಗಾರಿಯ ಒಡೆಯರು. ಈ ತೊಡಕನ್ನು ಒಪ್ಪಿಕೊಂಡು 1999ರ ಆವೃತ್ತಿಗಳಲ್ಲಿ ತಟಸ್ಥ ತಕರಾರು ಮಂಡಳಿಯನ್ನು ತರಲಾಯಿತು. ಭಾರತ 1996ರಲ್ಲಿ ಹೊಸ ಮಧ್ಯಸ್ಥಿಕೆ ಕಾಯ್ದೆ ಮಾಡಿತು.

ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸಿನ ವಿಕಾ ಕಂಪನಿ ಹೈದರಾಬಾದಿನ ಸಾಗರ್ ಸಿಮೆಂಟ್ಸ್ ಜೊತೆ 2008ರಲ್ಲಿ ಕೂಡಿ ಕಟ್ಟಿದ ಕಾರ್ಖಾನೆ 2012ರ ಕೊನೆಗೆ ಶುರುವಾಯಿತು. 1817ರಲ್ಲಿ ಕೃತಕ ಸಿಮೆಂಟಿನ ಸೂತ್ರ ಕಂಡುಹಿಡಿದ ಲೂಯಿ ವಿಕಾ ಅವರ ಮಗ ಸ್ಥಾಪಿಸಿದ ಸಂಸ್ಥೆ ಇದು. 2014ರಲ್ಲಿ ಪಾಲುದಾರರ ಷೇರನ್ನೂ ವಿಕಾ ಕೊಂಡುಕೊಂಡು ಕಲಬುರ್ಗಿ ಸಿಮೆಂಟ್ ಎಂದು ಹೆಸರಿಟ್ಟಿತು. ಪಾಲುದಾರರ ನಡುವಿನ ಲೆಕ್ಕ ತೀರಿಸಲು ಷೇರು ಕರಾರು ಇರುತ್ತದೆ. ತೊಗರಿ ಹೊಲ ಕೊಟ್ಟವರಿಗೆ, ಗಣಿಯ ಸ್ಫೋಟ ಮತ್ತು ದೂಳಿನ ನೆರೆಯಲ್ಲಿ ಬದುಕುವವರಿಗೆ ಅಂಥ ಕರಾರಿನಲ್ಲಿ ಜಾಗವಿಲ್ಲ. ಕೊಡ್ಲಿಯಿಂದ ಸೇಡಂವರೆಗಿನ ಯಾವುದೇ ಊರಿನ ರೈತನಿಗೆ ಯೋಜನೆ ಶುರುವಾಗುವ ಮೊದಲು ಎದುರು ನಿಂತು ಕೇಳಲು ಸಿಗುವ ಮುಖ್ಯ ವೇದಿಕೆ ಪರಿಸರ ಸಾರ್ವಜನಿಕ ಅಹವಾಲು ಸಭೆ. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಸಭೆಗೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ನಡಾವಳಿಯ ಸಾರವನ್ನು ಸಭೆ ಮುಗಿಯುವಾಗ ಅಲ್ಲಿಯೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಅಘೋರನಾಥರು 1883ರಲ್ಲಿ ಕೇಳಿ ಗಡೀಪಾರಾದ ಮಾಹಿತಿಯಂಥದ್ದೇ ಇಂದು ಈ ಸೀಮೆಯವರಿಗೆ ಕಾನೂನಿನ ಹಕ್ಕು. ಆದರೆ ಸಭೆಗೆ ಕೋರಂ ಬೇಕಿಲ್ಲ. ಊರವರು ಬಾರದಿದ್ದರೂ ಅದು ನಡೆದಂತೆಯೇ ಲೆಕ್ಕ.