ನಮ್ಮ ಸೀಮೆಯ ದುಭಾಷಿಗಳು

ಭಾಷೆ ಬೇರೆಯಾದ ಇಬ್ಬರು ಎದುರಾದಾಗ ಅವರ ನಡುವೆ ನಿಂತು, ಒಬ್ಬನ ಮಾತನ್ನು ಮತ್ತೊಬ್ಬನಿಗೆ ತಿಳಿಯುವಂತೆ ಹೇಳತಕ್ಕವನಿಗೆ ನಮ್ಮ ಹಿರಿಯರು ದುಭಾಷಿಯೆಂದು ಹೆಸರಿಟ್ಟರು. ಸಂಸ್ಕೃತದ ದ್ವಿಭಾಷಿ ಶಬ್ದವೇ ಜನರ ಬಾಯಲ್ಲಿ ಸವೆದು ಈ ರೂಪವನ್ನು ತಾಳಿದೆ. ಚರಿತ್ರೆಯನ್ನು ಬರೆದವರು ಸಂಧಿವಿಗ್ರಹಿಗಳನ್ನೂ ದಂಡನಾಯಕರನ್ನೂ ಹೆಸರಿಸಿ ಹೊಗಳಿರುವರೇ ಹೊರತು, ಅವರ ಮಾತುಗಳನ್ನು ಹೊತ್ತು ಆಚೆಗೂ ಈಚೆಗೂ ನಡೆದಾಡಿದ ಈ ಬಡಪಾಯಿಯನ್ನು ಹೆಚ್ಚಾಗಿ ಸ್ಮರಿಸಿಲ್ಲ. ಈಗಲಾದರೋ ಅವನ ಕೆಲಸವನ್ನು ಅಂಗೈಯಲ್ಲಿ ಹಿಡಿಯತಕ್ಕ ಮೊಬೈಲೇ ವಹಿಸಿಕೊಂಡಿದೆ. ನೆಟ್‌ವರ್ಕು ಇಲ್ಲದ ಎಡೆಯಲ್ಲಿಯೂ ಒಂದು ನುಡಿಯನ್ನು ಕೇಳಿ, ಆ ಕ್ಷಣವೇ ಮತ್ತೊಂದು ನುಡಿಯಲ್ಲಿ ಉಚ್ಚರಿಸುವ ಶಕ್ತಿ ಅದಕ್ಕೆ ಬಂದಿದೆ. ಮನುಷ್ಯದುಭಾಷಿಯಿಂದ ಯಂತ್ರದುಭಾಷಿಯವರೆಗಿನ ಈ ಚರಿತ್ರೆಯನ್ನು ನಮ್ಮ ನಾಲ್ಕು ತಾಲ್ಲೂಕುಗಳ ಮೇರೆಯೊಳಗೆ ನಿಂತು ನೋಡುವುದು ಈ ಲೇಖನದ ಉದ್ದೇಶ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇವು ಕನ್ನಡನಾಡಿನ ಒಡಲೊಳಗಿನ ಊರುಗಳೇ ಆದರೂ ಇಲ್ಲಿ ಎಂದೂ ಒಂದೇ ನುಡಿ ಕೇಳಿಬಂದುದಿಲ್ಲ. ಪಶ್ಚಿಮಕ್ಕೆ ಕೊಡಗು, ದಕ್ಷಿಣಕ್ಕೆ ವಯನಾಡು. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ಮಾತು, ಎರವರ ಮಾತು. ಬೆಟ್ಟದಪುರದ ಸಂಕೇತಿಗಳ ಮನೆಗಳಲ್ಲಿ ತಮಿಳಿನ ಮೂಲದಿಂದ ಬಂದು ಕನ್ನಡದ ನೀರು ಕುಡಿದು ಬೆಳೆದ ಸಂಕೇತಿ. ೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಪಿರಿಯಾಪಟ್ಟಣದ ಕಡೆಗೂ ಬಂದು, ಇಲ್ಲಿನ ಬೆಳೆ, ಕೆರೆ, ಕುಲಾಚಾರಗಳನ್ನು ವಿಚಾರಿಸಿ ಬರೆದುಕೊಂಡನು. ೧೮೦೭ರಲ್ಲಿ ಲಂಡನ್ನಿನಲ್ಲಿ ೩ ಸಂಪುಟಗಳಾಗಿ ಅಚ್ಚಾದ ಆ ಗ್ರಂಥದಲ್ಲಿ ನಮ್ಮ ರೈತರ ಮಾತೆಂದು ಇರುವುದೆಲ್ಲವೂ ದುಭಾಷಿಯ ಕಿವಿಯಿಂದ ಹೊಕ್ಕು ಅವನ ಬಾಯಿಂದ ಹೊರಟದ್ದು. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯು ಮೈಸೂರಿನ ಮೋಜಣಿಯನ್ನು ನಡೆಸಿ ಕೈಫಿಯತ್ತುಗಳನ್ನು ಕೂಡಿಹಾಕಿದಾಗ ಅವನಿಗೆ ನಾಲಗೆಯಾಗಿದ್ದವನು ಕಾವಲಿ ವೆಂಕಟ ಬೋರಯ್ಯ. ೧೮೦೩ರಲ್ಲಿ ಅವನು ತೀರಿಕೊಂಡ ಮೇಲೆ ಅವನ ತಮ್ಮನು ಆ ಹೊಣೆಯನ್ನು ಹೊತ್ತನು. ಇವರಿಲ್ಲದಿದ್ದರೆ ಮೆಕೆಂಜಿಯ ಹೆಸರಿನ ಆ ಭಂಡಾರವು ನಮಗೆ ದೊರೆಯುತ್ತಿರಲಿಲ್ಲ.

ಇದಾಗಿ ನೂರರವತ್ತು ವರ್ಷಗಳ ತರುವಾಯ ನಮ್ಮ ಸೀಮೆಗೆ ಅದುವರೆಗೆ ಯಾರೂ ಕೇಳರಿಯದ ಒಂದು ಭಾಷೆ ಬಂದಿಳಿಯಿತು. ೧೯೫೯ರಲ್ಲಿ ತಮ್ಮ ನಾಡನ್ನು ಬಿಟ್ಟುಬಂದ ಟಿಬೆಟ್ಟಿನವರಿಗೆ ೧೯೬೦ರಲ್ಲಿ ಮೈಸೂರು ಸರ್ಕಾರದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಕಾಡುನೆಲವನ್ನು ಕೊಟ್ಟರು. ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆ ಆಯಿತು. ಲ್ಹಾಸಾ ನಗರದ ಬಳಿ ೧೪೧೯ರಲ್ಲಿ ಸ್ಥಾಪಿತವಾಗಿದ್ದ ಸೆರಾ ವಿಹಾರವು ಬೈಲಕುಪ್ಪೆಯಲ್ಲಿ ಪುನಃ ತಲೆಯೆತ್ತಿತು. ಆ ಮೊದಲ ವರ್ಷಗಳಲ್ಲಿ ನಮ್ಮ ರೈತರಿಗೂ ಅವರಿಗೂ ಇದ್ದ ಭಾಷೆಯೆಂದರೆ ಬೆರಳು ಮಾತ್ರ. ಕ್ರಮೇಣ ಮಕ್ಕಳೇ ದುಭಾಷಿಗಳಾದರು. ಸಂತೆಯಲ್ಲಿ ಮುಸುಕಿನ ಜೋಳದ ಬೆಲೆಯನ್ನು ತಾಯಿಗೆ ಟಿಬೆಟ್ ನುಡಿಯಲ್ಲಿಯೂ �ವ್ಯಾಪಾರಿಗೆ ಅಚ್ಚಗನ್ನಡದಲ್ಲಿಯೂ ಹೇಳುತ್ತಿದ್ದ ಹುಡುಗಿಯರನ್ನು ನಾನು ಬಲ್ಲೆ. ಈಗ ಅವರೇ ಅಜ್ಜಿಯರು.

ಭಾಷಾಂತರದ ವಿದ್ಯೆಯಲ್ಲಿ ಈ ಜನರು ನಮಗಿಂತ ಪಳಗಿದವರೆಂಬುದು ಸಂಸ್ಕೃತವನ್ನು ಓದಿದವರಿಗೆ ತಿಳಿಯಬೇಕಾದ ಸಂಗತಿ. ಭಾರತದಿಂದ ಟಿಬೆಟ್ಟಿಗೆ ಹೋದ ಬೌದ್ಧಗ್ರಂಥಗಳನ್ನು ಅಲ್ಲಿ ಇಬ್ಬರು ಜೊತೆಯಾಗಿ ಕುಳಿತು ಭಾಷಾಂತರಿಸುವುದು ರೂಢಿಯಾಗಿತ್ತು. ಒಬ್ಬನು ಭಾರತದ ಪಂಡಿತ, ಇನ್ನೊಬ್ಬನು ಟಿಬೆಟ್ಟಿನ ಲೋಚಾವ. ಈ ಲೋಚಾವ ಶಬ್ದವು ಲೋಕಚಕ್ಷುವೆಂಬುದರಿಂದ ಬಂದಿತೆಂದು ಹೇಳುವುದುಂಟು. ಒಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿಯ ಅರಸರು ಮಹಾವ್ಯುತ್ಪತ್ತಿಯೆಂಬ ಸಂಸ್ಕೃತ-ಟಿಬೆಟ್ ಶಬ್ದಕೋಶವನ್ನು ಮಾಡಿಸಿದರು. ಅದರಲ್ಲಿ ಸುಮಾರು ೯,೫೦೦ ಶಬ್ದಗಳಿವೆ. ಭಾಷಾಂತರಕಾರನು ತನ್ನಿಚ್ಛೆಯಂತೆ ಹೊಸ ಶಬ್ದವನ್ನು ಕಟ್ಟಕೂಡದು, ಅವಶ್ಯವಿದ್ದರೆ ಪಂಡಿತರ ಸಭೆಯ ಮುಂದೆ ಇಟ್ಟು ಒಪ್ಪಿಗೆ ಪಡೆಯತಕ್ಕದ್ದು ಎಂಬುದು ರಾಜಶಾಸನವಾಗಿತ್ತು. ಮೂಲವು ನಮ್ಮಲ್ಲಿ ನಷ್ಟವಾಗಿ ಟಿಬೆಟ್ ಭಾಷಾಂತರದಲ್ಲಿ ಮಾತ್ರ ಉಳಿದಿರುವ ಸಂಸ್ಕೃತಗ್ರಂಥಗಳು ಅನೇಕವಿರುವುದನ್ನು ನೆನೆದರೆ, ಈ ದುಭಾಷಿಗಳಿಗೆ ನಾವು ತೀರಿಸಬೇಕಾದ ಋಣವೆಷ್ಟೆಂಬುದು ವಿದಿತವಾಗುವುದು.

ಇನ್ನು ಯಂತ್ರದ ವಿಚಾರ. ೧೯೫೪ನೆಯ ಜನವರಿಯಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿದ್ಯಾಪೀಠದವರೂ ಐಬಿಎಂ ಕಂಪೆನಿಯವರೂ ಸೇರಿ ೨೫೦ ಶಬ್ದಗಳನ್ನೂ ೬ ನಿಯಮಗಳನ್ನೂ ಗಣಕಕ್ಕೆ ಕಲಿಸಿ, ರಷ್ಯನ್ ಭಾಷೆಯ ೬೦ಕ್ಕೂ ಹೆಚ್ಚು ವಾಕ್ಯಗಳನ್ನು ಇಂಗ್ಲೀಷಿಗೆ ತಿರುಗಿಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ದುಭಾಷಿಗಳಿಗೆ ಕೆಲಸವಿಲ್ಲದಂತಾಗುವುದೆಂಬ ನಿರೀಕ್ಷೆ ಹಬ್ಬಿತು. ೧೯೬೬ರಲ್ಲಿ ಅಲ್ಲಿಯ ಸರ್ಕಾರ ನೇಮಿಸಿದ ಮಂಡಲಿಯು ಫಲ ಸಾಲದೆಂದು ವರದಿ ಕೊಡಲಾಗಿ, ಧನಸಹಾಯ ಬತ್ತಿಹೋಯಿತು. ನಿಯಮಗಳಿಂದ ಭಾಷೆಯನ್ನು ಹಿಡಿಯುವ ಕಾರ್ಯಕ್ಕೆ ಪಾಣಿನಿಗಿಂತ ಗುರುವಿಲ್ಲವೆಂಬುದನ್ನು ಕಂಡುಕೊಂಡವರು ನಮ್ಮವರೇ. ಕಾನ್ಪುರದ ಐಐಟಿಯಲ್ಲಿ ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರು ಕಾರಕಪ್ರಕರಣವನ್ನು ಆಧರಿಸಿ ಅನುಸಾರಕವೆಂಬ ಯಂತ್ರಭಾಷಾಂತರವನ್ನು ರಚಿಸಿದರು. ಅದು ಕನ್ನಡವನ್ನು ಹಿಂದಿಗೆ ತಿರುಗಿಸುವ ಪ್ರಯತ್ನವನ್ನೂ ಮಾಡಿತೆಂಬುದು ನಾವು ಹೆಮ್ಮೆಪಡತಕ್ಕ ಮಾತು. ೧೯೯೫ರಲ್ಲಿ ಅವರ ಪಾಣಿನೀಯ ದೃಷ್ಟಿಯ ಗ್ರಂಥವೂ ಪ್ರಕಟವಾಯಿತು.

ಆದರೆ ಲೋಕವು ಬೇರೆ ದಾರಿಯನ್ನು ಹಿಡಿಯಿತು. ಎರಡು ಭಾಷೆಗಳಲ್ಲಿ ಜೋಡಿಯಾಗಿರುವ ಲಕ್ಷಾಂತರ ವಾಕ್ಯಗಳನ್ನು ಯಂತ್ರದ ಮುಂದಿಟ್ಟು, ಯಾವುದಕ್ಕೆ ಯಾವುದು ಸಲ್ಲುವುದೆಂಬುದನ್ನು ಗಣಿತದಿಂದ ತಾನೇ ಊಹಿಸುವಂತೆ ಮಾಡುವುದು ಆ ದಾರಿ. ಪಾಠಶಾಲೆಯಲ್ಲಿ ಸೂತ್ರವನ್ನು ಕಲಿಯುವ ವಟುವಿಗೂ ಬೀದಿಯಲ್ಲಿ ಆಡುತ್ತಾ ಮಾತು ಕಲಿಯುವ ಮಗುವಿಗೂ ಇರುವ ಅಂತರವೇ ಇಲ್ಲಿಯದು. ೨೦೦೯ರಲ್ಲಿ ಅಲೆಕ್ಸ್ ವೈಬೆಲ್ ಎಂಬ ಆಚಾರ್ಯನು ಜಿಬ್ಬಿಗೋ ಎಂಬ ಉಪಕರಣವನ್ನು ಹೊರತಂದು, ಇಂಗ್ಲೀಷು ಮತ್ತು ಸ್ಪ್ಯಾನಿಷ್ ಮಾತುಗಳನ್ನು ಇಂಟರ್ನೆಟ್ಟಿನ ಹಂಗಿಲ್ಲದೆ ಮೊಬೈಲಿನೊಳಗೇ ಭಾಷಾಂತರಿಸಿ ತೋರಿಸಿದನು. ೨೦೧೧ರಲ್ಲಿ ಗೂಗಲ್ಲಿನವರ ಭಾಷಾಂತರಕ್ಕೆ ಕನ್ನಡ ಸೇರಿತು. ೨೦೧೮ರಲ್ಲಿ ಕನ್ನಡವೂ ಸೇರಿದಂತೆ ೫೯ ಭಾಷೆಗಳ ಹೊಸ ಬಗೆಯ ಬರಹಭಾಷಾಂತರವು ನೆಟ್‌ವರ್ಕಿಲ್ಲದೆ ನಡೆಯುವಂತಾಯಿತು. ಒಂದೊಂದು ಭಾಷೆಯ ಗಂಟೂ ೩೫ರಿಂದ ೪೫ ಮೆಗಾಬೈಟು ಮಾತ್ರ. ಯಂತ್ರವು ಕಲಿತದ್ದೆಲ್ಲವೂ ಕೋಟ್ಯಂತರ ಸಂಖ್ಯೆಗಳ ರೂಪದಲ್ಲಿರುವುದು. ೩೨ ದ್ವಿಮಾನ ಅಂಕಗಳಲ್ಲಿ ಬರೆಯುವ ಸಂಖ್ಯೆಯನ್ನು ೮ ಅಂಕಗಳಿಗೆ ಇಳಿಸಿ, ಸ್ವಲ್ಪ ಸೂಕ್ಷ್ಮತೆಯನ್ನು ಬಿಟ್ಟುಕೊಟ್ಟು, ಗ್ರಂಥಭಂಡಾರವನ್ನು ಸಂಚಿಯಲ್ಲಿ ತುಂಬುವಂತೆ ಅದನ್ನು ಅಡಕಮಾಡುವರು.

ನಮ್ಮ ಸೀಮೆಯೂ ಈ ಚರಿತ್ರೆಯಲ್ಲಿ ಕೇವಲ ನೋಡುತ್ತ ನಿಂತಿರಲಿಲ್ಲ. ಬೈಲಕುಪ್ಪೆಯ ಸೆರಾ ಮೇ ವಿಹಾರದಲ್ಲಿ ಓದಿದ ಗೆಶೆ ಲೋಬ್‌ಸಂಗ್ ಮೊನ್ಲಮ್ ಎಂಬ ಭಿಕ್ಷುವು ಅಲ್ಲಿಯೇ ಗಣಕವನ್ನು ಕಲಿತು, ಮೊದಲು ಟಿಬೆಟ್ ಲಿಪಿಯ ಅಕ್ಷರಗಳನ್ನು ಅದಕ್ಕೆ ಅಳವಡಿಸಿದನು. ತರುವಾಯ ಧರ್ಮಶಾಲೆಯಲ್ಲಿ ಅನೇಕ ವಿದ್ವಾಂಸರನ್ನು ಕೂಡಿಸಿಕೊಂಡು ೨೨೩ ಸಂಪುಟಗಳ ಮಹಾಕೋಶವನ್ನು ೨೦೨೨ರಲ್ಲಿ ಲೋಕಕ್ಕೊಪ್ಪಿಸಿದನು. ೨೦೨೩ರ ನವೆಂಬರಿನಲ್ಲಿ ಟಿಬೆಟ್ ಮಾತನ್ನು ಕೇಳಿ ಬರೆಯುವ, ಬರೆದುದನ್ನು ಓದುವ, ಭಾಷಾಂತರಿಸುವ ಉಪಕರಣಗಳನ್ನು ಅವನ ಸಂಸ್ಥೆಯು ಪ್ರಕಟಿಸಿತು. ಮಹಾವ್ಯುತ್ಪತ್ತಿಯ ಪರಂಪರೆ ಪಿರಿಯಾಪಟ್ಟಣ ತಾಲ್ಲೂಕಿನ ಮೂಲಕ ಹಾದು ಯಂತ್ರವನ್ನು ಸೇರಿತೆಂದರೆ ಉತ್ಪ್ರೇಕ್ಷೆಯಾಗದು.

ಇಷ್ಟನ್ನು ಹೇಳಿದ ಮೇಲೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನೂ ಹೇಳಬೇಕಾಗಿದೆ. ಹುಣಸೂರು ಕಡೆಯಲ್ಲಿ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳಿರುವುದು ವಾಚಕರಿಗೆ ತಿಳಿದೇ ಇದೆ. ಸೊಪ್ಪನ್ನು ಏರಿಸಿ, ಐದಾರು ದಿನ ಹದವರಿತು ಬೆಂಕಿಯನ್ನು ಕ್ರಮವಾಗಿ ಹೆಚ್ಚಿಸುತ್ತಾ ಹೋಗಬೇಕು. ನಮ್ಮ ನೆರೆಯ ರೈತರೊಬ್ಬರು ಉತ್ತರದೇಶದ ಕೂಲಿಯವನೊಬ್ಬನನ್ನು ಈ ಕೆಲಸಕ್ಕಿಟ್ಟಿದ್ದರು. ಅವನಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು, ಹೊಲದಲ್ಲಿ ನೆಟ್‌ವರ್ಕಿಲ್ಲ. ಮಗನು ಮೊಬೈಲಿನಲ್ಲಿ ಇಳಿಸಿಕೊಟ್ಟಿದ್ದ ದುಭಾಷಿಯೇ ಗತಿ. ಒಂದು ರಾತ್ರಿ ಊಟಕ್ಕೆ ಹೊರಟ ಆ ರೈತರು ಯಂತ್ರಕ್ಕೆ, “ಬೆಂಕಿ ಕಡಿಮೆ ಮಾಡೋದು” ಎಂದು ಹೇಳಿ, ಕೆಮ್ಮು ಬಂದು ಒಂದು ಗಳಿಗೆ ನಿಂತು, “ಬೇಡಪ್ಪ” ಎಂದು ಮುಗಿಸಿದರು. ಯಂತ್ರವು ಆ ನಿಲುಗಡೆಯನ್ನೇ ವಾಕ್ಯದ ಅಂತ್ಯವೆಂದು ತಿಳಿದು, “ಆಗ್ ಕಮ್ ಕರ್ನಾ” ಎಂದು ನುಡಿಯಿತು. ಕನ್ನಡದಲ್ಲಿ ಅರ್ಧವಾಕ್ಯವಾದ ಮಾತು ಹಿಂದಿಯಲ್ಲಿ ಪೂರ್ಣವಾದ ಆಜ್ಞೆಯಾಯಿತು. ಅವನು ವಿಧೇಯತೆಯಿಂದ ಬೆಂಕಿಯನ್ನು ಇಳಿಸಿದನು. ಬೆಳಗಾಗುವಷ್ಟರಲ್ಲಿ ಒಂದು ಬ್ಯಾರನ್ನಿನ ಸೊಪ್ಪಿನ ಬಣ್ಣ ಕೆಟ್ಟಿತು.

“ಮೇಷ್ಟ್ರೇ, ನಾನು ಬೇಡ ಅಂದಿದ್ದೆ. ದೇವರಾಣೆಗೂ ಅಂದಿದ್ದೆ. ಇವನು ಬೇಕಂತಲೇ ಮಾಡಿದಾನೆ, ಕೂಲಿ ಕೊಡೋದಿಲ್ಲ” ಎಂದು ಅವರು ನನ್ನನ್ನು ಕರೆದರು. ಆ ಹುಡುಗನು ಏನನ್ನೂ ಹೇಳಲಾರದೆ ಮೊಬೈಲನ್ನೇ ತೋರಿಸುತ್ತ ನಿಂತಿದ್ದನು. ತೆರೆಯ ಮೇಲೆ ಆ ಅರ್ಧವಾಕ್ಯವು ಹಾಗೆಯೇ ಇದ್ದಿತು. ಅದನ್ನು ಓದಿ ಹೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, ಸಾಯಂಕಾಲ ಪೂರ್ತಿ ಕೂಲಿಯನ್ನು ಎಣಿಸಿ ಕೊಟ್ಟರು. ಸೊಪ್ಪು ಮಾತ್ರ ಹೋದದ್ದು ಹೋಯಿತು.

ವಾಕ್ಯದಿಂದ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಇರತಕ್ಕದ್ದೆಂದು ತರ್ಕದ ಬಾಲಪಾಠದಲ್ಲಿ ಕಲಿತಿದ್ದೆವು. ಪದಗಳು ವಿಳಂಬವಿಲ್ಲದೆ ಒಂದರ ಬೆನ್ನಿಗೆ ಒಂದು ಬರುವುದು ಸನ್ನಿಧಿ. ಮನುಷ್ಯದುಭಾಷಿಯಾದರೆ ಸನ್ನಿಧಿ ಮುರಿದರೂ ಆಕಾಂಕ್ಷೆಯನ್ನು ಹಿಡಿದು, ಕೆಮ್ಮುತ್ತಿರುವವನ ಮುಖವನ್ನು ನೋಡುತ್ತ, ಇನ್ನೇನೋ ಇದೆಯೆಂದು ಕಾಯುವನು. ಕನ್ನಡದಲ್ಲಿ ಕ್ರಿಯಾಪದವೂ, ಬೇಡ, ಇಲ್ಲ, ಕೂಡದು ಎಂಬ ನಿಷೇಧವೂ ಕಟ್ಟಕಡೆಗೆ ಬರುವುದರಿಂದ ಈ ಕಾಯುವಿಕೆಯು ನಮ್ಮ ಭಾಷೆಗೆ ಪ್ರಾಣಪ್ರಾಯವಾದದ್ದು. ತತ್ಕ್ಷಣವೇ ನುಡಿಯಬೇಕೆಂಬ ಆತುರವು ಯಂತ್ರದ ಗುಣವೂ ಹೌದು, ದೋಷವೂ ಹೌದು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಗೂಗಲ್ಲಿನವರ ಪಟ್ಟಿಗೆ ೨೦೨೨ರಲ್ಲಿ ಸಂಸ್ಕೃತವೂ, ೨೦೨೪ರಲ್ಲಿ ಟಿಬೆಟ್ ಭಾಷೆಯೂ ತುಳುವೂ ಸೇರಿದವು. ಆದರೆ ಕನ್ನಡಕ್ಕೂ ಟಿಬೆಟ್ ಭಾಷೆಗೂ ಜೋಡಿಯಾದ ಬರವಣಿಗೆ ಅತಿವಿರಳವಾದುದರಿಂದ ಇಂತಹ ಯಂತ್ರಗಳು ಇಂಗ್ಲೀಷನ್ನೇ ಬಹುಮಟ್ಟಿಗೆ ಸೇತುವೆಯಾಗಿ ಅವಲಂಬಿಸುವುವು. ನಮ್ಮಲ್ಲಿ ನೀನು, ನೀವು ಎಂಬ ಭೇದವಿದೆ. ಅವರಲ್ಲಿ ಹಿರಿಯರೊಡನೆ ಆಡಲು ಗೌರವದ ಬೇರೆ ಶಬ್ದಸಮೂಹವೇ ಇದೆ. ನಮ್ಮಲ್ಲಿ ಅಕ್ಕನಿದ್ದಾಳೆ, ಅವರಲ್ಲಿ ಅಚಾ ಇದ್ದಾಳೆ. ಕ್ರಿಯಾಪದವು ಇಬ್ಬರಲ್ಲಿಯೂ ಕೊನೆಗೇ ಬರುವುದು. ಬೈಲಕುಪ್ಪೆಯ ಅಜ್ಜಿಯೂ ನಮ್ಮ ಕೊಪ್ಪದ ರೈತನೂ ನೇರವಾಗಿ ಮಾತನಾಡಿದರೆ ಇದಾವುದೂ ಕಳೆಯದು. ಇಂಗ್ಲೀಷಿನ ಕಿರಿದಾದ ಬಾಗಿಲಲ್ಲಿ ಇಬ್ಬರನ್ನೂ ನುಗ್ಗಿಸಿದರೆ ಹಿರಿತನ, ಕಿರಿತನ, ಮರ್ಯಾದೆಗಳು ಆಚೆಯೇ ಉಳಿಯುವುವು.

ಇದಕ್ಕೂ ಮಿಗಿಲಾದ ಅನ್ಯಾಯವು ಹಾಡಿಗಳಲ್ಲಿದೆ. ನೆಟ್‌ವರ್ಕು ಸಿಕ್ಕದ ನಾಗರಹೊಳೆಯ ಅಂಚಿನಲ್ಲಿರುವವರಿಗೇ ಇಂತಹ ಯಂತ್ರವು ಹೆಚ್ಚು ಬೇಕಾದದ್ದು. ಆದರೆ ೨೦೨೪ರಲ್ಲಿ ೧೧೦ ಹೊಸ ಭಾಷೆಗಳನ್ನು ಸೇರಿಸಿದ ಆ ಪಟ್ಟಿಯಲ್ಲಿ ಜೇನುಕುರುಬರ ಮಾತೂ ಇಲ್ಲ, ಎರವರ ಮಾತೂ ಇಲ್ಲ, ಸಂಕೇತಿಯೂ ಇಲ್ಲ. ೨೦೨೨ರಲ್ಲಿ ಭಾರತ ಸರ್ಕಾರದವರು ಆರಂಭಿಸಿದ ಭಾಷಿಣಿಯು ಮುಖ್ಯವಾಗಿ ಎಂಟನೆಯ ಅನುಸೂಚಿಯ ೨೨ ಭಾಷೆಗಳನ್ನು ಉದ್ದೇಶಿಸಿದ್ದು. ಗ್ರಂಥವಿಲ್ಲದ ಭಾಷೆಗೆ ಯಂತ್ರವೂ ಕಿವುಡು. ಆಸ್ಪತ್ರೆಯಲ್ಲಿ ವೈದ್ಯನ ಮುಂದೆ ಹಾಡಿಯ ತಾಯಿಯೊಬ್ಬಳು ತನ್ನ ಮಗುವಿನ ನೋವನ್ನು ತನ್ನದಲ್ಲದ ಕನ್ನಡದಲ್ಲಿ ತಡವರಿಸಿ ಹೇಳುವುದು ತಪ್ಪಿಲ್ಲ.

ಇದಕ್ಕೆ ಪರಿಹಾರವು ದೂರವಿಲ್ಲ. ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದ್ದು, ಭಾಷೆಗಳ ಧ್ವನಿಯನ್ನೂ ಪಾಠವನ್ನೂ ಸಂಗ್ರಹಿಸುವ ಕಾರ್ಯವನ್ನು ನಡೆಸುತ್ತಿದೆ. ನಮ್ಮ ಮನೆಗಳ ಓದಿದ ಹುಡುಗರು ರಜೆಯಲ್ಲಿ ಹಾಡಿಯ ಹಿರಿಯರ ಬಳಿ ಕುಳಿತು, ಅವರ ಅನುಮತಿಯನ್ನು ಪಡೆದು, ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದು, ಕನ್ನಡದ ಅರ್ಥವನ್ನು ಪಕ್ಕದಲ್ಲಿ ಬರೆದಿಟ್ಟರೆ, ಅದು ನಮ್ಮ ಕಾಲದ ಒಂದು ಚಿಕ್ಕ ಮಹಾವ್ಯುತ್ಪತ್ತಿಯಾದೀತು. ಸಂಕೇತಿ ಮಾತಾಡುವ ಮನೆಗಳವರು ತಮ್ಮ ಅಜ್ಜಿಯರಿಂದಲೇ ಆರಂಭಿಸಬಹುದು. ಯಂತ್ರವು ಅದನ್ನು ಎಂದು ಕಲಿಯುವುದೋ ಕಲಿಯಲಿ. ಬರೆದುಕೊಳ್ಳಲು ಕುಳಿತವನು ಮಾತ್ರ ಅಂದೇ ಅರ್ಧ ದುಭಾಷಿಯಾಗಿರುವನು.