ಕೋಟು ಹಾಕಿಕೊಳ್ಳುತ್ತಿರುವ ಹುಡುಗ

1/4
ಮೊದಲನೇ ಫೋಟೋನ ಸ್ವಲ್ಪ ಝೂಮ್ ಮಾಡಿ. ಕೆಳಗಡೆ ಒಬ್ಬ ಹುಡುಗ ಕೋಟು ಹಾಕ್ಕೊಳ್ತಾ ಇದಾನೆ. ಕೈ ಇನ್ನೂ ತೋಳೊಳಗೆ ಪೂರ್ತಿ ಹೋಗಿಲ್ಲ. ಇನ್ನೊಬ್ಬ ಕುದುರೆ ಹತ್ತುತ್ತಿದ್ದಾನೆ. ಫಸ್ಟ್ ಅವರ್‌ಗೆ ಲೇಟಾಯ್ತು ಅಂತ ಗಡಿಬಿಡಿಯಲ್ಲಿ ಹೊರಟ ಹಾಗಿದೆ, ಅಲ್ವಾ? ಹೊರಟಿರೋದು ಮಾತ್ರ ಯುದ್ಧಕ್ಕೆ.

ಈಗ ಮೇಲಿನ ಅರ್ಧ ನೋಡಿ. ಅಲ್ಲಿ ಒಂದು ಸಾಲು ಸಾಗುತ್ತಿದೆ. ಎಲ್ಲರ ಕಾಲೂ ಒಂದೇ ಕೋನದಲ್ಲಿ, ಹೆಗಲ ಮೇಲೆ ಬಂದೂಕು. ಯಾರು ಯಾರೋ ಗುರುತಿಸೋಕಾಗಲ್ಲ. ಕೆಳಗಿದ್ದ ಹುಡುಗರೇ ಮೇಲೆ ಹೋಗಿ ಗೆರೆಗಳಾಗಿಬಿಟ್ಟಿದ್ದಾರೆ.

ಬರೆದವನು ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ಹೋಡ್ಲರ್ (1853–1918). ಜರ್ಮನಿಯ ಯೇನಾ ವಿಶ್ವವಿದ್ಯಾಲಯಕ್ಕೆ 1908ರಲ್ಲಿ 350 ವರ್ಷ ತುಂಬಿತು. ಹೊಸ ಕಟ್ಟಡಕ್ಕೆ ಅಂತ ಅಲ್ಲಿನ ಕಲಾಪ್ರೇಮಿಗಳ ಸಂಘ ಬರೆಸಿದ ಚಿತ್ರ ಇದು. ಅಗಲ ಸುಮಾರು ಐದೂವರೆ ಮೀಟರ್, ಎತ್ತರ ಮೂರೂವರೆ ಮೀಟರ್‌ಗೂ ಮೇಲೆ. ಫೋನಲ್ಲಿ ನೋಡಿದ್ರೆ ಇದಕ್ಕೆ ಅನ್ಯಾಯ ಮಾಡಿದ ಹಾಗೆ. ಒಂದೇ ಆಕಾರವನ್ನು ಮತ್ತೆ ಮತ್ತೆ ತರೋ ಈ ರೀತಿಗೆ ಹೋಡ್ಲರ್ ‘ಪ್ಯಾರಲಲಿಸಂ’ ಅಂತ ಹೆಸರಿಟ್ಟಿದ್ದ. ಜನರನ್ನು ಒಗ್ಗೂಡಿಸೋದು ಇದೇ ಸಾಮ್ಯ ಅನ್ನೋದು ಅವನ ನಂಬಿಕೆ. ನನಗೆ ಮಾತ್ರ ಆ ಮೇಲಿನ ಸಾಲು ನೋಡಿದಾಗ ಸ್ವಲ್ಪ ಭಯ ಆಗುತ್ತೆ.

2/4
ಕಥೆ ನಡೆದದ್ದು 1813ರಲ್ಲಿ. ಅದಕ್ಕೂ ಮೊದಲು, 1806ರ ಅಕ್ಟೋಬರ್ 14ರಂದು, ಯೇನಾ ಊರಿನ ಪಕ್ಕದಲ್ಲೇ ನೆಪೋಲಿಯನ್ ಪ್ರಷ್ಯಾದ ಸೈನ್ಯವನ್ನು ಪುಡಿಗಟ್ಟಿದ್ದ. 1812ರಲ್ಲಿ ರಷ್ಯಾದಲ್ಲಿ ಅವನ ದಂಡು ನಾಶವಾದ ಮೇಲೆ ಪ್ರಷ್ಯಾ ಮತ್ತೆ ತಲೆ ಎತ್ತಿತು. 1813ರ ಮಾರ್ಚ್ 17ರಂದು ರಾಜ ಮೂರನೇ ಫ್ರೆಡರಿಕ್ ವಿಲಿಯಂ ‘ನನ್ನ ಜನರಿಗೆ’ ಅಂತ ಮನವಿ ಹೊರಡಿಸಿದ. ಲ್ಯೂಟ್ಸೋ ಅನ್ನೋ ಅಧಿಕಾರಿಯ ಸ್ವಯಂಸೇವಕ ಪಡೆಗೆ ಹುಡುಗರು ಬಂದು ಸೇರಿದರು. ಬಟ್ಟೆ ಅವರವರೇ ತರಬೇಕಿತ್ತು. ಎಲ್ಲದರ ಬಣ್ಣ ಒಂದೇ ಆಗಬೇಕಂದ್ರೆ ಏನು ಮಾಡೋದು? ಕಪ್ಪಲ್ಲಿ ಅದ್ದೋದು! ಕಪ್ಪು ಬಟ್ಟೆ, ಕೆಂಪು ಅಂಚು, ಹಿತ್ತಾಳೆ ಗುಂಡಿ. ಇವತ್ತಿನ ಜರ್ಮನ್ ಬಾವುಟದ ಮೂರು ಬಣ್ಣದ ಬೇರು ಇಲ್ಲಿದೆ ಅಂತಾರೆ.

ಒಂದು ವಿಷಯ ಚಿತ್ರ ಹೇಳೋದಿಲ್ಲ. ಯೇನಾ ಇದ್ದದ್ದು ಪ್ರಷ್ಯಾದಲ್ಲಲ್ಲ, ಜಾಕ್ಸ-ವೈಮಾರ್ ಅನ್ನೋ ಪುಟ್ಟ ಸಂಸ್ಥಾನದಲ್ಲಿ. ಆ ವಸಂತದಲ್ಲಿ ಅದು ಇನ್ನೂ ನೆಪೋಲಿಯನ್ನನ ಕೂಟದಲ್ಲೇ ಇತ್ತು. ಅಂದ್ರೆ ಈ ಹುಡುಗರು ತಮ್ಮ ದೊರೆ ಯಾರ ಜೊತೆ ಒಪ್ಪಂದ ಮಾಡ್ಕೊಂಡಿದ್ದನೋ ಅವನ ವಿರುದ್ಧವೇ ಹೊರಟವರು.

ಇನ್ನೊಂದು ವಿಷಯ. ಆ ಸ್ವಯಂಸೇವಕರಲ್ಲಿ ವಿದ್ಯಾರ್ಥಿಗಳು ಕಡಿಮೆ. ಕೈಕಸುಬಿನವರು ಅವರಿಗಿಂತ ಎಷ್ಟೋ ಹೆಚ್ಚು. ಎಲಿಯೊನೋರೆ ಪ್ರೊಹಾಸ್ಕಾ ಅನ್ನೋ ಹುಡುಗಿ ಗಂಡಿನ ವೇಷ ಹಾಕಿ, ಆಗಸ್ಟ್ ರೆಂಟ್ಸ್ ಅಂತ ಹೆಸರು ಕೊಟ್ಟು ಲ್ಯೂಟ್ಸೋ ಪಡೆ ಸೇರಿದ್ದಳು. ಗಾಯಗೊಂಡು ಆ ವರ್ಷದ ಅಕ್ಟೋಬರ್‌ನಲ್ಲಿ ಸತ್ತಳು. ಆದ್ರೆ ಚಿತ್ರ ಹೋಗೋದು ವಿಶ್ವವಿದ್ಯಾಲಯದ ಗೋಡೆಗೆ ತಾನೇ? ಬಡಗಿಯನ್ನ, ದರ್ಜಿಯನ್ನ ಅಲ್ಲಿ ಯಾರು ಬರೆಸ್ತಾರೆ!

3/4
ವಾಪಸ್ ಬಂದವರಿಗೆ ಏನು ಸಿಕ್ತು? 1815ರ ಜೂನ್ 12ರಂದು ಯೇನಾದಲ್ಲೇ ಅವರು ‘ಬುರ್ಷೆನ್‌ಶಾಫ್ಟ್’ ಅನ್ನೋ ವಿದ್ಯಾರ್ಥಿ ಸಂಘ ಕಟ್ಟಿದರು. ಒಂದು ದೇಶ ಬೇಕು, ಸಂವಿಧಾನ ಬೇಕು ಅಂದರು. 1819ರಲ್ಲಿ ಯೇನಾದ ವಿದ್ಯಾರ್ಥಿ ಕಾರ್ಲ್ ಸಾಂಡ್, ನಾಟಕಕಾರ ಕೋಟ್ಸೆಬೂನನ್ನು ಇರಿದು ಕೊಂದ. ಅದನ್ನೇ ನೆಪ ಮಾಡಿಕೊಂಡು ದೊರೆಗಳು ಕಾರ್ಲ್ಸ್‌ಬಾಡ್ ಕಟ್ಟಳೆಗಳನ್ನು ತಂದರು. ಸಂಘಕ್ಕೆ ನಿಷೇಧ, ಪತ್ರಿಕೆಗಳಿಗೆ ಸೆನ್ಸಾರ್, ಪಾಠ ಮಾಡೋ ಮೇಷ್ಟ್ರ ಮೇಲೂ ಕಣ್ಣು. ಆರು ವರ್ಷದ ಹಿಂದೆ ಕರೆದು ಬಂದೂಕು ಕೊಟ್ಟವರಿಗೆ ಈಗ ಅದೇ ಹುಡುಗರ ಬಾಯಿ ಕಂಡ್ರೆ ಭಯ.

4/4
ನಾನು ಈ ಚಿತ್ರ ಆರಿಸಿಕೊಂಡದ್ದು ಇನ್ನು ಮುಂದಿನ ಭಾಗಕ್ಕಾಗಿ.

1914ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಫಿರಂಗಿಗಳು ಫ್ರಾನ್ಸಿನ ರ‍್ಯಾನ್ಸ್ ಕ್ಯಾಥೆಡ್ರಲ್ ಮೇಲೆ ಗುಂಡು ಸುರಿಸಿದವು. ಜಿನೀವಾದ ಕಲಾವಿದರು, ಬರಹಗಾರರು ಒಂದು ಖಂಡನೆಯ ಪತ್ರ ಹೊರಡಿಸಿದರು. ಹೋಡ್ಲರ್ ಅದಕ್ಕೆ ಸಹಿ ಹಾಕಿದ. ಅಷ್ಟೇ. ಜರ್ಮನಿಯ ಕಲಾಸಂಘಗಳು ಅವನನ್ನು ಹೊರಹಾಕಿದವು. ಯೇನಾದಲ್ಲಿ ಈ ಚಿತ್ರ ಇಲ್ಲಿರಕೂಡದು ಎಂದವರಲ್ಲಿ ‘ಇಕಾಲಜಿ’ ಅನ್ನೋ ಪದ ಕೊಟ್ಟ ವಿಜ್ಞಾನಿ ಎರ್ನ್ಸ್ಟ್ ಹೆಕೆಲ್ ಕೂಡ ಒಬ್ಬ. ಆಗ ಅವನಿಗೆ 80 ವರ್ಷ. ಕೊನೆಗೆ ಚಿತ್ರದ ಮುಂದೆ ಮರದ ಹಲಗೆ ಹೊಡೆದು ಮುಚ್ಚಿದರು.

ಯೋಚನೆ ಮಾಡಿ. ಯುದ್ಧಕ್ಕೆ ಹೊರಟ ವಿದ್ಯಾರ್ಥಿಗಳ ಚಿತ್ರ ಹಲಗೆಯ ಹಿಂದೆ. ಹಲಗೆಯ ಈಚೆಗೆ, ನಿಜವಾದ ವಿದ್ಯಾರ್ಥಿಗಳು ಯುದ್ಧಕ್ಕೆ ಹೊರಟಿದ್ದಾರೆ. ಆ ನವೆಂಬರ್‌ನಲ್ಲಿ ಬೆಲ್ಜಿಯಂನ ಲಾಂಗೆಮಾರ್ಕ್ ಹತ್ತಿರ ಎಳೆಯರ ಪಡೆಗಳು ಹಾಡ್ತಾ ಮುನ್ನುಗ್ಗಿದವು ಅಂತ ಸೇನೆ ಪ್ರಕಟಣೆ ಕೊಟ್ಟಿತು. ಸತ್ತವರೆಲ್ಲ ವಿದ್ಯಾರ್ಥಿಗಳೇ ಅನ್ನೋ ಹಾಗೆ ಆ ಕಥೆ ಬೆಳೀತು. ಅಲ್ಲೂ ವಿದ್ಯಾರ್ಥಿಗಳು ಅಲ್ಪಸಂಖ್ಯಾತರೇ. ಸೋಲನ್ನು ಹಾಡಿನಿಂದ ಮುಚ್ಚೋದು ಹಲಗೆಯಿಂದ ಮುಚ್ಚೋದಕ್ಕಿಂತ ಸುಲಭ.

ಹೋಡ್ಲರ್ ಆಗ ಏನು ಮಾಡ್ತಿದ್ದ ಗೊತ್ತಾ? ಅವನ ಪ್ರೇಯಸಿ ವಾಲೆಂಟೀನ್ ಗೊಡೆ-ದಾರೆಲ್ ಕ್ಯಾನ್ಸರ್‌ನಿಂದ ಸಾಯ್ತಾ ಇದ್ದಳು. ಹಾಸಿಗೆ ಪಕ್ಕ ಕೂತು ಮತ್ತೆ ಮತ್ತೆ ಅವಳ ಮುಖ ಬರೀತಿದ್ದ. 1915ರ ಜನವರಿಯಲ್ಲಿ ಅವಳು ತೀರಿಕೊಂಡಳು. ಕೊನೆಯ ಫೋಟೋ ಆ ಸರಣಿಯದ್ದು. ಇಲ್ಲಿ ಸಾಲಿಲ್ಲ, ಹೆಜ್ಜೆ ಇಲ್ಲ, ಒಂದೇ ಒಂದು ಮುಖ.

ಯೇನಾದ ಹಲಗೆ ತೆಗೆದದ್ದು 1919ರಲ್ಲಿ. ಅಷ್ಟರಲ್ಲಿ ಹೋಡ್ಲರ್ ಸತ್ತು ಒಂದು ವರ್ಷ ಆಗಿತ್ತು. ಚಿತ್ರ ಈಗ ಅಲ್ಲಿನ ಸಭಾಂಗಣದಲ್ಲಿದೆ, ವಿದ್ಯಾರ್ಥಿಗಳು ಅದರ ಮುಂದೆ ಕೂತು ಭಾಷಣ ಕೇಳ್ತಾರೆ.

ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಮೇಲಿನ ಸಾಲಿಗಾ, ಕೋಟಿನ ಹುಡುಗನ ಕಡೆಗಾ? ಕಾಮೆಂಟಲ್ಲಿ ಬರೀರಿ.